ಅನುಮಾನವಿದ್ದರೆ ಬರೆಯಬೇಡ

ಜನವರಿ, ಬೆಳಗಿನ ಆರು.
ಆಲ್ಟೋನಾದ ಕೆರೆ ಇನ್ನೂ ಒಲೆ ಹತ್ತಿಸದ ಹಾಲಿನ ಪಾತ್ರೆ.
ಒಂಬತ್ತಕ್ಕೆಲ್ಲ ಉಕ್ಕುತ್ತದೆ ಸೆಕೆ.

ಸ್ಪೈರೋ ಪಕ್ಕದ ಮನೆಯವನು, ಎಪ್ಪತ್ತೊಂಬತ್ತು.
ಎಣ್ಣೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕವಾಟ ತಿರುಗಿಸಿದ ಕೈ
ಈಗ ನನ್ನ ಮೊಣಕೈ ಹಿಡಿದಿದೆ.
ಅವನ ಕಣ್ಣ ನಡುವೆ ಒಂದು ಕರಿ ಬೊಟ್ಟು.
ನನ್ನ ಕನ್ನಡಕದಂಗಡಿಯಲ್ಲಿ ಅದನ್ನು ಮೊದಲು ಕಂಡವಳು ನಾನೇ,
ಯಾವ ಗಾಜಿಗೂ ಅದು ಹೋಗದು ಅಂದವಳೂ ನಾನೇ.
ಹಕ್ಕಿಯನ್ನು ನೋಡಬೇಕಾದರೆ ಅವನು ಹಕ್ಕಿಯ ಪಕ್ಕ ನೋಡಬೇಕು,
ಆಗಲೂ ದಕ್ಕುವುದು ರೆಕ್ಕೆಯ ತುದಿಯಷ್ಟೆ.
ಹೀಗಾಗಿ ಈ ಬೇಸಿಗೆಗೆ
ನಾನು ಅವನ ದುರ್ಬೀನು.

"ಏನಿದೆ?"
"ಕರೀ ಹಕ್ಕಿ. ಹಣೆಯ ಮೇಲೆ ಬಿಳಿ ನಾಮ."
"ಕೂಟ್. ಎಷ್ಟು?"
ನಮ್ಮ ಕಡೆ ಇದು ನಾಮದ ಕೋಳಿ ಅಂದೆ.
ನಾಮ ಎಂದರೆ?
ಮಿಂದು ಹಣೆಗೆ ಇಟ್ಟುಕೊಳ್ಳುವುದು,
ಕೆಲವರು ಬೇರೆಯವರಿಗೂ ಹಾಕುತ್ತಾರೆ, ಅದು ಬೇರೆ ಮಾತು.
ಆ ಬೇರೆ ಮಾತನ್ನು ಬಿಡಿಸಿ ಹೇಳುವಷ್ಟರಲ್ಲಿ
ಎರಡು ನಾಮಧಾರಿಗಳು ಒದ್ದಾಟಕ್ಕೆ ಬಿದ್ದು
ನೀರೆಲ್ಲ ಎರಚಾಡಿ, ಎಣಿಕೆ ತಪ್ಪಿ,
ಮತ್ತೆ ಒಂದರಿಂದ.

ಕಪ್ಪು ಹಂಸ ಹನ್ನೊಂದು.
ಹಾಲು ನೀರು ಬೇರೆ ಮಾಡುವ ಬಿಳಿಯದನ್ನೇ ಓದಿ ಬೆಳೆದವಳಿಗೆ
ಇವು ಇದ್ದಿಲಂಗಡಿಯ ದಾಯಾದಿಗಳು.
ಜೊಂಡಿನಾಚೆ ಸೌಟು ಕೊಕ್ಕಿನದೊಂದು,
ತಳ ಹಿಡಿಯಬಾರದೆಂದು ಪಾಯಸ ಕದಡುವವರ ಹಾಗೆ
ಅತ್ತ, ಇತ್ತ, ಅತ್ತ.
"ಸೌಟು ಯಾವ ಬಣ್ಣ?"
"ನಮ್ಮಮ್ಮನ ಕಾವಲಿಯ ಬಣ್ಣ."
ಸ್ಪೈರೋ ನಮ್ಮಮ್ಮನನ್ನು ಕಂಡಿಲ್ಲ, ಕಾವಲಿಯನ್ನೂ.
ಆದರೂ ಸರಿಯಾದ ಹೆಸರೇ ಹೇಳಿದ.

ಅವನ ನೋಟುಬುಕ್ಕು ಈಗ ನನ್ನ ಜೇಬಿನಲ್ಲಿ.
ಹಿಂದಿನ ಹಾಳೆಗಳೆಲ್ಲ ಅವನ ಗ್ರೀಕು ಅಂಕುಡೊಂಕು,
ನವೆಂಬರಿನಿಂದ ನನ್ನ ಕನ್ನಡ: ನಾಮದ ಕೋಳಿ ೪೭.
ಅವನದು ನನಗೆ ಬಾರದು, ನನ್ನದು ಅವನಿಗೆ ಕಾಣದು.
ಲೆಕ್ಕ ಮಾತ್ರ ನಿಂತಿಲ್ಲ.

"ನಿಲ್ಲು" ಎಂದ ಒಮ್ಮೆಲೆ, ಮೊಣಕೈ ಹಿಂಡಿ.
ನಾನು ದುರ್ಬೀನಿನೊಳಗೆ ಎಲ್ಲೋ ದೂರ, ಪೆಲಿಕನ್‌ಗಳ ಜೊತೆ.
ಕಾಲ ಬಳಿ, ಒಂದು ಮಾರಿನಾಚೆ,
ದಾರಿಗೆ ಅಡ್ಡ ಹರಿಯುತ್ತಿತ್ತು ಪಟ್ಟೆಪಟ್ಟೆ ಹಾವು,
ಬಾಡಿಗೆ ಬಾಕಿ ಇಲ್ಲದವರ ನಿಧಾನದಲ್ಲಿ.
ಬಾಲವೂ ಹುಲ್ಲಿಗೆ ಸೇರಿದ ಮೇಲೆ ನನಗೆ ಉಸಿರು ಬಂತು.
"ಅಂಚಿಗೆ ಬಂತು, ಕಂಡಿತು" ಅಂದ ಸ್ಪೈರೋ.
"ಬರೆದುಕೋ. ಹಾವು, ಒಂದು."

ಕೆಸರಲ್ಲಿ ಪುಟ್ಟವು, ಓಡಾಡುವವು.
"ನೆತ್ತಿ?"
"ಹೊಸ ಹೆಂಚು."
ಅವನು ಸುಮ್ಮನಾದ.
ಆಮೇಲೆ, ಊರಿಂದ ಬಂದ ನೆಂಟರ ಸುದ್ದಿ ಕೇಳಿದವನಂತೆ,
ಸೈಬೀರಿಯಾದವು, ಎಂದ, ಹಿಮದ ಊರಿನ ಮರಿಗಳು,
ದಾರಿ ತೋರಿಸಲು ಹಿರಿಯರಿಲ್ಲದೆಯೂ ಬರುತ್ತವೆ.
ಹತ್ತೊಂಬತ್ತರಲ್ಲಿ ತಾನೂ ಹಾಗೇ ಹಡಗಿಳಿದದ್ದು
ಎಂದು ಹೇಳಬಹುದಿತ್ತು. ಹೇಳಲಿಲ್ಲ.
"ಎಷ್ಟು?" ಎಂದ.

ಹೊರಡುವಾಗ, ಜೊಂಡಿನ ಬುಡದಲ್ಲಿ ಏನೋ ಒಂದು
ಹೊರಬಂತು, ನಿಂತಿತು, ಇಲ್ಲವಾಯಿತು.
ಮುಷ್ಟಿಯಷ್ಟು. ಕಂದು. ಇಲ್ಲ, ಬೂದು.
"ಬಾಲ ಕುಣಿಸಿತೆ? ಕಾಲು ಹಸಿರೆ? ಕಣ್ಣು ಕೆಂಪೆ?"
ಗೊತ್ತಿಲ್ಲ, ಗೊತ್ತಿಲ್ಲ, ಗೊತ್ತಿಲ್ಲ.
"ಅನುಮಾನವಿದ್ದರೆ ಬರೆಯಬೇಡ."
ಅವನ ಮೂವತ್ತು ವರ್ಷದ ಕಾನೂನು. ನೋಟುಬುಕ್ಕು ಮುಚ್ಚಿದೆ.

ಮಧ್ಯಾಹ್ನ ನಲವತ್ತೊಂದು ಡಿಗ್ರಿ.
ಹಿತ್ತಲ ನಲ್ಲಿಯ ಕೆಳಗೆ, ತೊಟ್ಟಿಕ್ಕುವ ತಂಪಿಗೆ
ನೀಲಿ ನಾಲಗೆಯ ಹಲ್ಲಿ ಬಂದು ಮಲಗಿತ್ತು, ಮೊಳದುದ್ದ.
ಬೇಲಿಯ ಮೇಲಿಂದ ಕೂಗಿ ಹೇಳಿದೆ. ಅವನು ಕೈಯೆತ್ತಿದ.
ಅಂಗಡಿಯಲ್ಲಿ ಯಾರಿಗೋ ಅಕ್ಷರದ ಫಲಕ ತೋರಿಸುತ್ತಾ,
ಇದು ಸ್ಪಷ್ಟವೋ, ಇಲ್ಲ ಇದೋ ಎಂದು ಕೇಳುತ್ತಾ,
ನನಗೆ ಮಾತ್ರ ಮತ್ತೆ ಮತ್ತೆ
ಆ ಜೊಂಡು, ಆ ಮುಷ್ಟಿಯಷ್ಟು,
ಎಲ್ಲೂ ಬರೆಯದ್ದು.